ಘಟ್ಟದ ಅಂಚಿನಲ್ಲಿ 108 ಗಾಡಿ: ನಕ್ಷೆ ನೋಡಿ ಕೇಳಿದವರಿಗೆ

ನಕ್ಷೆಯಲ್ಲಿ ಇಪ್ಪತ್ತು ಕಿಲೋಮೀಟರ್ ಕಾಣುವ ಊರಿಗೆ ಆಂಬುಲೆನ್ಸ್ ಬರಲು ಒಂದು ಗಂಟೆ ಯಾಕೆ, ಮೇಲ್ವಿಚಾರಕರು ಸ್ವಲ್ಪ ಬಿಗಿ ಮಾಡಬಾರದೇ ಎಂದು ಕೇಳಿದ್ದೀರಿ. ಬಿಗಿ ಮಾಡಿದ್ದಕ್ಕೆ ಮಲೆನಾಡಿನ ರಸ್ತೆಯಲ್ಲಿ ಗಾಡಿ ಬೇಗ ಬರುವುದಿಲ್ಲ. ಪೈಲಟ್ (ಗಾಡಿ ಓಡಿಸುವವನನ್ನು ಹೀಗೇ ಕರೆಯುವುದು) ರಸ್ತೆ ಬದಿಯ ಧರೆಗೆ ಗುದ್ದಿಕೊಳ್ಳುತ್ತಾನೆ, ಅಷ್ಟೆ. ಇಲ್ಲಿ ಸಮಯ ಉಳಿಯುವುದು ಗಾಡಿ ಹೊರಡುವ ಮೊದಲು ಮಾಡಿಟ್ಟುಕೊಂಡ ತಯಾರಿಯಲ್ಲಿ, ಆಮೇಲೆ ರೋಗಿಯನ್ನು ಎಲ್ಲಿಗೆ ಒಯ್ಯಬೇಕೆಂಬ ತೀರ್ಮಾನದಲ್ಲಿ. ಮೇಲ್ವಿಚಾರಕರು ಕಣ್ಣಿಡಬೇಕಾದದ್ದೂ ಈ ಎರಡರ ಮೇಲೇ.

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಪಡುವಣ ಭಾಗಕ್ಕೆ ಶಿವಮೊಗ್ಗ ಜಿಲ್ಲೆಯ ಗಡಿ ಎಂದರೆ ಘಟ್ಟವೇ. ಇಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ, ತೋಟಕ್ಕೊಂದು ಮನೆ. ಹೊಸೂರು, ಹೊಸಳ್ಳಿ ಎಂಬ ಹೆಸರಿನ ಊರುಗಳು ಒಂದೆರಡಲ್ಲ. ಕರೆ ತೆಗೆದುಕೊಳ್ಳುವವರು ಈ ಊರುಗಳನ್ನು ನೋಡಿದವರಲ್ಲ, ಹಾಗಾಗಿ ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ ಮೂರನ್ನೂ ಕೇಳಿ ಖಚಿತ ಮಾಡಿಕೊಳ್ಳದೆ ಗಾಡಿ ಹೊರಡಿಸಬಾರದು. ಪ್ರತಿ ಗಾಡಿಯಲ್ಲೂ ಒಂದು ದಾರಿ ಪುಸ್ತಕ ಇರಬೇಕು: ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿಂದ ಹೊರಬೇಕು, ಹಳ್ಳ ದಾಟುವ ಯಾವ ಕಾಲುಸಂಕ ಮಳೆಗೆ ಮುಳುಗುತ್ತದೆ, ಮೊಬೈಲ್ ಸಿಗ್ನಲ್ ಕೊನೆಯದಾಗಿ ಸಿಗುವ ತಿರುವು ಯಾವುದು, ಆ ಭಾಗದ ಆಶಾ ಕಾರ್ಯಕರ್ತೆಯ ನಂಬರ್ ಏನು. ಇದನ್ನು ಮೇ ತಿಂಗಳಲ್ಲೇ, ಮುಂಗಾರು ಹಿಡಿಯುವ ಮೊದಲು, ಪೈಲಟ್ ಜೊತೆ ದಾರಿ ಓಡಾಡಿ ತಿದ್ದಬೇಕು. ಸಂಕದಾಚೆಯ ಮನೆಗಳ ಬಸುರಿಯರ ಪಟ್ಟಿಯನ್ನೂ ಆಗಲೇ ಆಶಾ ಕಾರ್ಯಕರ್ತೆಯರಿಂದ ಪಡೆಯುವುದು ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಹೆರಿಗೆ ಇರುವವರು ಒಂದು ವಾರ ಮುಂಚೆಯೇ ಪೇಟೆ ಕಡೆಯ ನೆಂಟರ ಮನೆಗೆ ಬಂದರೆ ಕಂಬಳಿ ಜೋಲಿಯಲ್ಲಿ ಹೊಳೆ ದಾಟಿಸುವ ಪ್ರಸಂಗವೇ ಬರುವುದಿಲ್ಲ.

ಶರಾವತಿ ಹಿನ್ನೀರಿನ ಆಚೆಯ ತುಮರಿ, ಬ್ಯಾಕೋಡು ಕಡೆಯವರಿಗೆ ಈ ಕಷ್ಟ ಬಹುಕಾಲ ಇತ್ತು. ಲಿಂಗನಮಕ್ಕಿ ಅಣೆಕಟ್ಟಿನ ನಂತರ ಅವರಿಗಿದ್ದ ಹತ್ತಿರದ ದಾರಿ ಲಾಂಚ್ ಮಾತ್ರ. ರಾತ್ರಿ ಅದೂ ಇರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರಕ್ಕೆ ರಾತ್ರಿಯೂ ನೇರ ದಾರಿಯಾಗಿದೆ.

ಪಾಳಿ ಬದಲಾಗುವಾಗಿನ ತಪಾಸಣೆಯಲ್ಲಿ ಹೆಚ್ಚು ತಪ್ಪಾಗುವುದು ಆಕ್ಸಿಜನ್ ವಿಷಯದಲ್ಲಿ. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ಚೀಲದ ಮಾಸ್ಕಿಗೆ ನಿಮಿಷಕ್ಕೆ 15 ಲೀಟರಿನಂತೆ ಬಿಟ್ಟರೆ 100 ನಿಮಿಷ. ಮುಳ್ಳು ಅರ್ಧಕ್ಕೆ ಬಂದಿದ್ದರೆ 50 ನಿಮಿಷ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ 60 ಕಿ.ಮೀ.ಗಿಂತ ಹೆಚ್ಚು ದೂರ. ದಾರಿಯಲ್ಲಿ ಮರ ಬಿದ್ದಿದ್ದರೆ ಅರ್ಧ ಸಿಲಿಂಡರ್ ಎಲ್ಲಿ ಸಾಕಾಗುತ್ತದೆ? ಸಿಲಿಂಡರಿನ ಕೀಲಿ ತಿರುಗಿಸದೆ ಮುಳ್ಳು ನೋಡಿ ಪುಸ್ತಕದಲ್ಲಿ ಬರೆದುಬಿಡುವವರಿದ್ದಾರೆ. ಅದು ಪೈಪಿನಲ್ಲಿ ಉಳಿದ ಒತ್ತಡವನ್ನಷ್ಟೇ ತೋರಿಸುತ್ತದೆ. ತೆರೆದು ನೋಡಬೇಕು, ವಾಷರ್ ಸವೆದು ಸೋರುತ್ತಿದೆಯೇ ಎಂದು ಕಿವಿಗೊಡಬೇಕು. ಆಕ್ಸಿಜನ್‌ಗೆ ತೇವ ಕೊಡುವ ಬಾಟಲಿಗೆ ಗೆರೆ ಮೀರಿ ನೀರು ಹಾಕಬಾರದು, ಘಟ್ಟದ ತಿರುವಿನಲ್ಲಿ ಆ ನೀರು ಕೊಳವೆಗೆ ನುಗ್ಗುತ್ತದೆ.

ಹಾವು ಕಡಿತದಲ್ಲಿ ತೀರ್ಮಾನ ಎಡವುವುದು ಹೆಚ್ಚು. ಮನೆಯವರು ‘ಸೀದಾ ಮೆಗ್ಗಾನ್‌ಗೆ’ ಎನ್ನುತ್ತಾರೆ. ಒಪ್ಪಬಾರದು. ವಿಷನಿವಾರಕ ಔಷಧ ಇರುವ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ಶುರುವಿಗೆ ಬೇಕಾಗುವ 10 ವಯಲ್ (ಔಷಧದ ಸಣ್ಣ ಬಾಟಲಿ) ಇದೆಯೇ ಎಂದು ಕೇಳಿಕೊಂಡು ಅಲ್ಲಿಗೇ ಒಯ್ಯಬೇಕು. ಕಡಿದ ಹೊತ್ತು ಬರೆದುಕೊಳ್ಳಿ, ಕಾಲಿಗೆ ದಬ್ಬೆ ಕಟ್ಟಿ ಅಲುಗದಂತೆ ಮಾಡಿ, ಉಂಗುರ, ಕಾಲುಗೆಜ್ಜೆ ತೆಗೆಸಿ. ಬಿಗಿಯಾಗಿ ಹಗ್ಗ ಕಟ್ಟಿಕೊಂಡೇ ಬಂದಿದ್ದರೆ ಅದನ್ನು ಗಾಡಿಯಲ್ಲಿ ತಟ್ಟನೆ ಬಿಚ್ಚಬೇಡಿ. ವೈದ್ಯರ ಎದುರು ಬಿಚ್ಚಲಿ. ಕಟ್ಟುಹಾವು ಕಡಿದಾಗ ಗಾಯವೇ ಕಾಣದಿರಬಹುದು. ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಕಂಡರೆ ಮುಂದೆ ಉಸಿರು ನಿಲ್ಲುತ್ತದೆ ಎಂದೇ ತಿಳಿದು ಒತ್ತಿ ಉಸಿರು ಕೊಡುವ ಆಂಬು ಚೀಲ ಕೈಯಲ್ಲಿಟ್ಟುಕೊಳ್ಳಬೇಕು. ದೊಡ್ಡವರಿಗೆ ಆರು ಸೆಕೆಂಡಿಗೊಂದು ಉಸಿರು. ಕೈಬಿಡದೆ ಒತ್ತುತ್ತಿದ್ದರೆ ಆ ಜೀವ ಉಳಿಯಬಹುದು. ಇನ್ನೊಂದು ಮಾತು: ನಮ್ಮ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ತೋಟದ ತರಗಿನಲ್ಲಿ ಕಡಿಯುವ ಗುಳಿಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಹಾವು ಹಿಡಿದು ತರಲು ಹೋಗಬೇಡಿ, ದೂರದಿಂದ ಫೋಟೋ ಸಿಕ್ಕರೆ ಸಾಕು.

ಮಂಗನ ಕಾಯಿಲೆಯ ರೋಗಿಯನ್ನು ಹತ್ತಿಸಿಕೊಳ್ಳಲು ಹೊಸ ಸಿಬ್ಬಂದಿ ಹೆದರುತ್ತಾರೆ. ಅದು ಉಣುಗು ಕಚ್ಚಿ ಬರುವಂಥದ್ದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂದು ಪ್ರತಿ ನವೆಂಬರ್‌ನಲ್ಲಿ ಮತ್ತೆ ಹೇಳಲೇಬೇಕು.

ಅಡಿಕೆ ಕೊಯ್ಲಿನಲ್ಲಿ ಮರದಿಂದ ಬಿದ್ದವರದ್ದು ಬೇರೆ ಲೆಕ್ಕ. ಕುತ್ತಿಗೆಗೆ ಪಟ್ಟಿ, ಬೆನ್ನಿಗೆ ಹಲಗೆ ಕಟ್ಟದೆ ಅಡಿಕೆ ಹಾಳೆಯ ಮೇಲೆ ಎಳೆದು ತಂದರೆ ಬೆನ್ನುಹುರಿ ಹೋಗಬಹುದು. ಕೊನೆ ಕೊಯ್ಯುವ ಉದ್ದನೆಯ ದೋಟಿ ಕರೆಂಟ್ ತಂತಿಗೆ ತಾಗಿದ್ದರೆ ಲೈನ್‌ಮನ್ ಕರೆಂಟ್ ತೆಗೆದ ಮೇಲೆಯೇ ಹತ್ತಿರ ಹೋಗಬೇಕು.

ತಲೆಗೆ ಪೆಟ್ಟಾದವರನ್ನು ಆಗುಂಬೆ ಕಡೆಯಿಂದ ಕೆಳಗೆ ಮಣಿಪಾಲಕ್ಕೆ ಒಯ್ಯುವುದು ಶಿವಮೊಗ್ಗಕ್ಕಿಂತ ಹತ್ತಿರ. 108 ಕರೆ ಕೇಂದ್ರದ ವೈದ್ಯರ ಒಪ್ಪಿಗೆ ಪಡೆದೇ ಇಳಿಯಬೇಕು, ಪಡಿತರ ಚೀಟಿ ಮತ್ತು ಆಧಾರ್ ತರಲು ಮನೆಯವರಿಗೆ ನೆನಪಿಸಬೇಕು. ರೋಗಿಯ ತಲೆ ಗಾಡಿಯ ಮುಂಭಾಗಕ್ಕಿರುವುದರಿಂದ 14 ಹೇರ್‌ಪಿನ್ ತಿರುವು ಇಳಿಯುವಷ್ಟು ಹೊತ್ತೂ ತಲೆ ಕೆಳಗಾಗಿ, ಮೆದುಳಿನ ಒತ್ತಡ ಏರುತ್ತದೆ. ಘಟ್ಟದ ಬುಡದ ಸೋಮೇಶ್ವರ ಮುಟ್ಟುವವರೆಗೂ ಹಲಗೆಯ ತಲೆಭಾಗ ಎತ್ತರದಲ್ಲೇ ಇರಬೇಕು, ಬಾಯಿಯಲ್ಲಿ ತುಂಬಿದ್ದನ್ನು ಎಳೆದು ತೆಗೆಯುವ ಸಕ್ಷನ್ ಸಿದ್ಧವಿರಬೇಕು. ಮಳೆಗಾಲದಲ್ಲಿ ಧರೆ ಕುಸಿದಿದೆಯೇ ಎಂದು ಕೇಳಿಕೊಳ್ಳದೆ ಇಳಿಯುವಂತಿಲ್ಲ.

ಹಾಗೆ ಇಳಿದ ಗಾಡಿ ಮರಳಿ ಬರಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಆ ಭಾಗಕ್ಕೆ ಯಾರೂ ಇಲ್ಲದಂತೆ ಬಿಡುವುದು ಮೇಲ್ವಿಚಾರಕರ ತಪ್ಪೇ ಹೊರತು ಪೈಲಟ್‌ನದ್ದಲ್ಲ. ಗಾಡಿ ಘಟ್ಟ ಇಳಿಯುತ್ತಿದ್ದಂತೆ ತೀರ್ಥಹಳ್ಳಿಯಲ್ಲಿ ಬಿಡುವಾಗಿರುವ ಗಾಡಿಯನ್ನು ಆಗುಂಬೆ ದಾರಿಯ ಮೇಗರವಳ್ಳಿಗೆ ತಂದು ನಿಲ್ಲಿಸಬೇಕು, ತೀರ್ಥಹಳ್ಳಿ ಪೇಟೆಯ ಕರೆಗೆ ಮಂಡಗದ್ದೆ ಕಡೆಯ ಗಾಡಿ ಸಿಗುವಂತೆ ನೋಡಬೇಕು. ಮಣಿಪಾಲದಲ್ಲಿ ಸ್ಟ್ರೆಚರ್ ಬಿಡಿಸಿಕೊಂಡ ಕೂಡಲೇ ಆಕ್ಸಿಜನ್ ಎಷ್ಟು ಉಳಿದಿದೆ ಎಂದು ಕೇಳಿ, ಘಟ್ಟ ಹತ್ತುವ ಮುನ್ನ ಪೈಲಟ್ ಊಟ ಮಾಡಿ ಅರ್ಧ ಗಂಟೆ ಕಣ್ಣು ಮುಚ್ಚಲು ಬಿಡಬೇಕು.