ಕಲಬುರಗಿಯಲ್ಲಿ ಓಡಿಸುವ ನನ್ನ ಹಳೆ ಮಾರುತಿ 800 ನೀಲಿ ಹೊಗೆ ಬಿಡುತ್ತಿದೆ. ಎಂಜಿನ್ ಬಿಚ್ಚಿಸಲೇಬೇಕಾ?

ಅವಸರ ಬೇಡ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಒಳಗೆ ಉರಿಯುತ್ತಿದೆ ಅಂತ. ಹೊಗೆ ಯಾವಾಗ ಬರುತ್ತದೆ ಅಂತ ಮೊದಲು ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಂತರೆ, ಹೆಚ್ಚಾಗಿ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್) ಹೋಗಿರುತ್ತದೆ. ಅದು ಸಣ್ಣ ಕೆಲಸ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ಸುತ್ತ ಇರುವ ಬಳೆ, ಅಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ.

ಆಗ ಮೂರೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಲಿ. ಒತ್ತಡ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ತೊಂದರೆ ವಾಲ್ವ್‌ನಲ್ಲಿ, ಇಲ್ಲವೇ ಹೆಡ್ ಗ್ಯಾಸ್ಕೆಟ್‌ನಲ್ಲಿ (ಎಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್). ಈ ಪರೀಕ್ಷೆ ಇಲ್ಲದೆ ಎಂಜಿನ್ ಇಳಿಸಲು ದಯವಿಟ್ಟು ಒಪ್ಪಬೇಡಿ, ಸುಮ್ನೆ ದುಡ್ಡು ಹೋಗುತ್ತದೆ.

ಇಳಿಸಲೇಬೇಕಾದರೆ ಕ್ಲಚ್ ಪ್ಲೇಟನ್ನೂ ಆಗಲೇ ನೋಡಿಸಿ, ಮಜೂರಿ ಉಳಿಯುತ್ತದೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ, ರೇಡಿಯೇಟರ್ ಕೂಡ ತೊಳೆಸಿಬಿಡಿ.