ಡಿಸ್‌ಪ್ಲೇಯನ್ನು ಕೈಯಾರೆ ಬರೆಯಬೇಡಿ

ದೂರದ ಲಿನಕ್ಸ್ ಸರ್ವರ್‌ನಲ್ಲಿ ಓಡುವ ಅಪ್ಲಿಕೇಷನ್ನಿನ ಕಿಟಕಿ ಲ್ಯಾಪ್‌ಟಾಪಿನಲ್ಲಿ ಕಾಣಲೆಂದು ಎಕ್ಸ್‌ಹೋಸ್ಟ್ ಪ್ಲಸ್ (xhost +) ಆಜ್ಞೆ ಕೊಟ್ಟು, ಸರ್ವರ್‌ನ ಬ್ಯಾಷ್‌ಆರ್‌ಸಿಯಲ್ಲಿ (ಶೆಲ್ ಶುರುವಾದಾಗ ಓಡುವ ಕಡತ) ಡಿಸ್‌ಪ್ಲೇಗೆ (ಕಿಟಕಿ ಎಲ್ಲಿ ತೆರೆಯಬೇಕೆಂದು ಹೇಳುವ DISPLAY ಸೆಟ್ಟಿಂಗ್) ಲ್ಯಾಪ್‌ಟಾಪಿನ ಐಪಿ ಬರೆದರೂ ಕಿಟಕಿ ತೆರೆಯುತ್ತಿಲ್ಲವೆಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಈಗಲೇ ತೆಗೆದುಹಾಕಿ. ಎಕ್ಸ್‌ಹೋಸ್ಟ್ ಪ್ಲಸ್ ಎಂದರೆ ಬಾಗಿಲು ಹಾರುಹೊಡೆದಿಟ್ಟಂತೆ. ನಿಮ್ಮ ಎಕ್ಸ್ ಸರ್ವರನ್ನು (ಲ್ಯಾಪ್‌ಟಾಪಿನಲ್ಲಿ ಕಿಟಕಿಗಳನ್ನು ತೋರಿಸುವ ತಂತ್ರಾಂಶ) ತಲುಪಬಲ್ಲವರು ಯಾರೇ ಆಗಲಿ, ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ, ಪಾಸ್‌ವರ್ಡ್ ಸಮೇತ, ಓದಬಲ್ಲರು. ಮೇಲಾಗಿ, ಲಿನಕ್ಸಿನ ಎಕ್ಸ್ ಸರ್ವರಾದ ಎಕ್ಸ್‌ಆರ್ಗ್ 1.17ರಿಂದ ಈಚೆಗೆ ನಾವಾಗಿ ಹೇಳದ ಹೊರತು, ಈ ಸಂಪರ್ಕಕ್ಕೆ ಬೇಕಾದ 6000ನೇ ಟಿಸಿಪಿ ಪೋರ್ಟನ್ನು ತೆರೆಯುವುದೇ ಇಲ್ಲ.

ಬ್ಯಾಷ್‌ಆರ್‌ಸಿಯ ಇಂಥದೇ ಡಿಸ್‌ಪ್ಲೇ ಸಾಲಿನಿಂದ ನಾನು ಎರಡು ದಿನ ಕಳೆದುಕೊಂಡಿದ್ದೇನೆ. ಎಸ್‌ಎಸ್‌ಎಚ್‌ಗೆ (ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಆಜ್ಞೆ) ಮೈನಸ್ ಎಕ್ಸ್ (-X) ಕೊಟ್ಟು ಒಳಹೊಕ್ಕಾಗ ಅದು ತಾನಾಗಿಯೇ ಡಿಸ್‌ಪ್ಲೇಗೆ ಲೋಕಲ್‌ಹೋಸ್ಟ್:10.0 ಎಂಬ ಮೌಲ್ಯವನ್ನಿಟ್ಟು, ಕುಕಿಯನ್ನೂ (ಕಿಟಕಿ ತೆರೆಯಲು ಅನುಮತಿ ಕೊಡುವ ಗುಟ್ಟಿನ ಗುರುತು) ಎಕ್ಸ್‌ಆಥಾರಿಟಿ ಕಡತಕ್ಕೆ ಸೇರಿಸುತ್ತದೆ. ಆದರೆ ಅದರ ಬೆನ್ನಿಗೇ ಬ್ಯಾಷ್‌ಆರ್‌ಸಿಯಲ್ಲಿದ್ದ ನನ್ನ ಹಳೆಯ ಸಾಲು ಓಡಿ ಆ ಮೌಲ್ಯವನ್ನು ಅಳಿಸುತ್ತಿತ್ತು. ಫೈರ್‌ವಾಲನ್ನು ಶಂಕಿಸುತ್ತಾ ಕುಳಿತಿದ್ದ ನಾನು ಕೊನೆಗೆ ಡಿಸ್‌ಪ್ಲೇಯ ಮೌಲ್ಯವನ್ನು ಎಕೋ (echo $DISPLAY) ಮಾಡಿ ನೋಡಿದರೆ, 10.0 ಇರಬೇಕಾದಲ್ಲಿ ರೂಟರ್ ಎಂದೋ ಕೊಟ್ಟು ಹಿಂಪಡೆದಿದ್ದ ಐಪಿ ಕುಳಿತಿತ್ತು. ಬೇರೇನನ್ನೂ ಮುಟ್ಟುವ ಮೊದಲು ಅದನ್ನೊಮ್ಮೆ ನೋಡಿ.

ಡಿಸ್‌ಪ್ಲೇ ಖಾಲಿಯಿದ್ದರೆ, ಸರ್ವರ್‌ನ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ ಕಡತದಲ್ಲಿ ಎಕ್ಸ್11ಫಾರ್ವರ್ಡಿಂಗ್ ಯೆಸ್ (X11Forwarding yes) ಇದೆಯೇ, ಅಲ್ಲಿ ಕುಕಿಯನ್ನು ಸೇರಿಸುವ ಎಕ್ಸ್‌ಆಥ್ ಇದೆಯೇ ಎಂದು ಪರೀಕ್ಷಿಸಿ. ಮಿನಿಮಲ್ ಇನ್‌ಸ್ಟಾಲ್‌ಗಳಲ್ಲಿ ಎಕ್ಸ್‌ಆಥ್ ಹಲವೊಮ್ಮೆ ಇರುವುದಿಲ್ಲ. ಚಿಕ್ಕಕ್ಷರದ ಎಕ್ಸ್ ಕೊಟ್ಟರೆ ಫಾರ್ವರ್ಡಿಂಗ್ ನಿಂತೇ ಹೋಗುತ್ತದೆ, ದೊಡ್ಡಕ್ಷರವೇ ಬೇಕು. ಡೆಬಿಯನ್, ಉಬುಂಟುಗಳಲ್ಲಿ ದೊಡ್ಡ ಎಕ್ಸ್ ಮತ್ತು ದೊಡ್ಡ ವೈ (ಸರ್ವರನ್ನು ಪೂರ್ತಿ ನಂಬುವ ಆಯ್ಕೆ) ಎರಡೂ ಒಂದೇ ರೀತಿ ನಡೆದುಕೊಳ್ಳುತ್ತವೆ. ಉಳಿದೆಡೆ ಎಕ್ಸ್ ಕೊಟ್ಟರೆ, ಸೆಟ್ಟಿಂಗ್ ಬದಲಿಸದ ಹೊರತು, 20 ನಿಮಿಷಗಳ ಬಳಿಕ ಹೊಸ ಕಿಟಕಿಗಳು ತೆರೆಯುವುದಿಲ್ಲ. ಹಾಗೆಂದು ನಂಬಿಕೆಯಿಲ್ಲದ ಸರ್ವರ್‌ಗೆ ವೈ ಬಳಸಕೂಡದು. ಸು (su) ಆಜ್ಞೆ ಕೊಟ್ಟು ರೂಟ್ ಬಳಕೆದಾರರಾದರೆ ಕುಕಿ ಜೊತೆಗೆ ಬರದಿರಬಹುದು ಎಂಬುದೂ ನೆನಪಿರಲಿ.

ಇಷ್ಟೆಲ್ಲ ಆದ ಮೇಲೂ ಮನೆಯಿಂದ ಕೆಲಸ ಮಾಡುವವರಿಗೆ ನಾನು ಹೇಳುವುದು ಎಕ್ಸ್‌ಪ್ರಾ (ಸರ್ವರ್‌ನ ಕಿಟಕಿಯನ್ನು ಲ್ಯಾಪ್‌ಟಾಪಿಗೆ ತರುವ ಇನ್ನೊಂದು ತಂತ್ರಾಂಶ). ಎಕ್ಸ್ ಪ್ರೋಟೋಕಾಲ್‌ನಲ್ಲಿ ಒಂದು ಮೆನು ತೆರೆಯಲು ಸಂದೇಶಗಳು ಹಲವು ಸಲ ಹೋಗಿಬರಬೇಕಾಗುವುದರಿಂದ, ಆಫೀಸಿನ ಲ್ಯಾನ್‌ನಲ್ಲಿ ಚುರುಕಾಗಿದ್ದ ಕ್ಯೂಜಿಐಎಸ್ (ನಕ್ಷೆಯ ತಂತ್ರಾಂಶ) ಮನೆಯ ಲೈನಿನಲ್ಲಿ ತೆವಳುತ್ತದೆ. ಕಂಪ್ರೆಷನ್‌ಗೆಂದು ಎಸ್‌ಎಸ್‌ಎಚ್‌ಗೆ ದೊಡ್ಡ ಸಿ ಕೊಟ್ಟರೂ ಆ ವಿಳಂಬ ಕಡಿಮೆಯಾಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಕರೆಂಟು ಹೋಗಿ ರೂಟರ್ ಆರಿ ಎಸ್‌ಎಸ್‌ಎಚ್ ಸಂಪರ್ಕ ಕಡಿದರೆ ಅಪ್ಲಿಕೇಷನ್ ಕೂಡ ಸತ್ತು, ಉಳಿಸದ ಕೆಲಸವೆಲ್ಲ ಹೋಗುತ್ತದೆ. ಎಕ್ಸ್‌ಪ್ರಾದಲ್ಲಿ ಅಪ್ಲಿಕೇಷನ್ ಸರ್ವರ್‌ನಲ್ಲಿ ಓಡುತ್ತಲೇ ಇರುತ್ತದೆ. ಮತ್ತೆ ಅಟ್ಯಾಚ್ ಮಾಡಿದರೆ ಅರ್ಧ ಬರೆದ ಡೈಲಾಗ್ ಕೂಡ ಹಾಗೆಯೇ ಸಿಗುತ್ತದೆ. ಸರ್ವರ್, ಲ್ಯಾಪ್‌ಟಾಪ್ ಎರಡೂ ಕಡೆ ಒಂದಕ್ಕೊಂದು ಹೊಂದುವ ಎಕ್ಸ್‌ಪ್ರಾ ಆವೃತ್ತಿಗಳಿರಲಿ. ಇಂಥದೇ ಆದ ಎಕ್ಸ್2ಗೋ ಕೂಡ ಒಳ್ಳೆಯದೇ. ಆದರೆ ಒಂದೇ ಒಂದು ಕಿಟಕಿಗಾಗಿ ವಿಎನ್‌ಸಿಯಲ್ಲಿ ಇಡೀ ಡೆಸ್ಕ್‌ಟಾಪನ್ನು ಎಳೆದು ತರುವುದನ್ನು ನಾನು ಒಪ್ಪಲಾರೆ.

ಮ್ಯಾಕ್ ಇದ್ದವರು ಮೊದಲು ಎಕ್ಸ್‌ಕ್ವಾರ್ಟ್ಜ್ (ಮ್ಯಾಕ್‌ನ ಎಕ್ಸ್ ಸರ್ವರ್) ಹಾಕಿಕೊಳ್ಳಿ. ಎಕ್ಸ್ ಬದಲಿಗೆ ಬಂದಿರುವ ವೇಲ್ಯಾಂಡ್‌ಗಾಗಿಯೇ ಬರೆದ ಅಪ್ಲಿಕೇಷನ್ನಾದರೆ ಮೈನಸ್ ಎಕ್ಸ್ ನೆರವಾಗದು, ವೇಪೈಪ್ ಬಳಸಿ.