ಕಾಡಿನ ಹೊಗೆ ಮಳೆ ತರುತ್ತದೆಯೇ, ತಡೆಯುತ್ತದೆಯೇ?

ಓದುಗರೊಬ್ಬರ ಪತ್ರ: ‘ಆವಿ ಹನಿಗಟ್ಟಲು ಗಾಳಿಯಲ್ಲಿ ಸಣ್ಣ ಕಣಗಳು ಇರಲೇಬೇಕು ಎನ್ನುತ್ತಾರೆ. ಕಾಡು ಹೊತ್ತಿ ಉರಿದಾಗ ಕಣಗಳಿಗೇನು ಬರ? ಹಾಗಿದ್ದರೆ ಮಳೆ ಹೆಚ್ಚಬೇಕಲ್ಲವೇ?’

ಸಂಪಾದಕರ ಉತ್ತರ: ಕಣ ಬೇಕು, ನಿಜ. ಆದರೆ ಕಣ ಹೆಚ್ಚಿದರೆ ನೀರೇನೂ ಹೆಚ್ಚುವುದಿಲ್ಲ. ಇದ್ದ ನೀರನ್ನೇ ಹೆಚ್ಚು ಹನಿಗಳು ಹಂಚಿಕೊಳ್ಳಬೇಕಾಗುತ್ತದೆ. ತೊಡಕು ಶುರುವಾಗುವುದು ಅಲ್ಲಿ.

2 ಮಿಲಿಮೀಟರ್ ದಪ್ಪದ ಒಂದು ಮಳೆಹನಿಗೆ 20 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸುಮಾರು ಹತ್ತು ಲಕ್ಷ ಮೋಡಹನಿಗಳು ಕೂಡಬೇಕು. ಬರೀ ಆವಿ ಅಂಟಿಕೊಂಡು ಅಷ್ಟು ಬೆಳೆಯಲು ತೀರಾ ಹೊತ್ತು ಹಿಡಿಯುತ್ತದೆ. ಹನಿಗಳು ಡಿಕ್ಕಿ ಹೊಡೆದು ಒಂದಾಗಬೇಕು. ಈ ಕೂಡಿಕೆಗೆ ವೇಗ ಬರುವುದು ವ್ಯಾಸ 28–30 ಮೈಕ್ರಾನ್ ಮುಟ್ಟಿದ ಮೇಲೆ. ಶುದ್ಧ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಹನಿಗಟ್ಟಿಸಬಲ್ಲ ಕಣಗಳು ಕೆಲವು ನೂರು ಇದ್ದರೆ, ದಟ್ಟ ಹೊಗೆಯಲ್ಲಿ ಸಾವಿರಗಟ್ಟಲೆ. ಹನಿಗಳ ಸಂಖ್ಯೆ ಎಂಟು ಪಟ್ಟಾಯಿತೆನ್ನಿ: ನೀರು ಅಷ್ಟೇ ಇರುವುದರಿಂದ ವ್ಯಾಸ ಅರ್ಧಕ್ಕಿಳಿಯುತ್ತದೆ. 30 ಮೈಕ್ರಾನ್ ಆಗಬೇಕಿದ್ದ ಹನಿ 15ಕ್ಕೇ ನಿಲ್ಲುತ್ತದೆ, ಬೀಳುವ ವೇಗ ಕಾಲುಭಾಗಕ್ಕೆ ಕುಸಿಯುತ್ತದೆ. ಇಂಥ ಹನಿಗಳು ಗಾಳಿಯೊಡನೆ ತೇಲುತ್ತವೆಯೇ ಹೊರತು ಒಂದನ್ನೊಂದು ಹಿಡಿಯುವುದಿಲ್ಲ. ಮೋಡ ಗಿಡ್ಡದಾಗಿದ್ದರೆ ಮಳೆ ಸುರಿಸದೆಯೇ ಆರಿಹೋಗುತ್ತದೆ.

ಮೋಡ ಎತ್ತರಕ್ಕೆ ಬೆಳೆದರೆ ಕಥೆಯೇ ಬೇರೆ. ಅಮೆಜಾನ್ ಮೇಲೆ 2002ರಲ್ಲಿ ವಿಮಾನ ಹಾರಿಸಿ ಅಳೆದಾಗ, ಶುದ್ಧ ಗಾಳಿಯ ಮೋಡಗಳಲ್ಲಿ ತಳದಿಂದ ಸುಮಾರು 1.5 ಕಿಲೋಮೀಟರ್ ಮೇಲೆಯೇ ಮಳೆಹನಿ ಕಟ್ಟುತ್ತಿತ್ತು. ಹೊಗೆ ತುಂಬಿದ ಮೋಡಗಳಲ್ಲಿ 5 ಕಿಲೋಮೀಟರಿಗೂ ಮೇಲೆ ಹೋಗಬೇಕಾಗಿತ್ತು. ಕೆಳಗೆ ಸುರಿಯದೆ ಉಳಿದ ನೀರು ಅಷ್ಟೆತ್ತರದಲ್ಲಿ ಹೆಪ್ಪುಗಟ್ಟುವಾಗ ಬಿಸಿ ಬಿಡುತ್ತದೆ, ಆ ಬಿಸಿ ಮೋಡವನ್ನು ಇನ್ನಷ್ಟು ಮೇಲೆ ನೂಕಬಲ್ಲದು. ಆಗ ತಡವಾಗಿ, ಗಾಳಿ ಬೀಸಿದ ದಿಕ್ಕಿನಲ್ಲಿ ದೂರ ಸಾಗಿ, ಗುಡುಗು–ಆಲಿಕಲ್ಲಿನೊಡನೆ ಸುರಿಯುವುದುಂಟು. ಆದ್ದರಿಂದ ‘ಹೊಗೆ ಎಂದರೆ ಮಳೆ ಕಮ್ಮಿ’ ಎಂದು ಒಂದೇ ಮಾತಿನಲ್ಲಿ ಮುಗಿಸಲು ನಾವು ಒಪ್ಪುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಹೊಗೆಯಲ್ಲಿನ ಮಸಿ ಬಿಸಿಲನ್ನು ಹೀರುತ್ತದೆ. ಹೊಗೆಯ ಪದರ ಕಾಯುತ್ತದೆ, ಅದರ ನೆರಳಲ್ಲಿ ನೆಲ ತಣ್ಣಗಾಗುತ್ತದೆ. ಕೆಳಗೆ ತಂಪು, ಮೇಲೆ ಬಿಸಿ ಎಂದಾದರೆ ಗಾಳಿ ಮೇಲೇಳುವುದೇ ಕಷ್ಟ. ಮೋಡ ಹುಟ್ಟುವ ಮೊದಲೇ ಅಡ್ಡಿ.

ನಿಮ್ಮ ಊಹೆಯನ್ನು ಮಳೆಮಾಪಕದ ಅಂಕಿಗಳಲ್ಲಿ ಪರೀಕ್ಷಿಸುವುದಾದರೆ ಒಂದು ಎಚ್ಚರಿಕೆ. ಹೊಗೆಯ ದಿನಗಳನ್ನೂ ಹೊಗೆಯಿಲ್ಲದ ದಿನಗಳನ್ನೂ ಸುಮ್ಮನೆ ಹೋಲಿಸಬೇಡಿ. ಒಣಹವೆ ಇದ್ದುದರಿಂದಲೇ ಕಾಡು ಉರಿದಿರುತ್ತದೆ, ಮಳೆ ಬಾರದಿರುವುದಕ್ಕೂ ಅದೇ ಕಾರಣವಾಗಿರಬಹುದು. ತೇವಾಂಶ, ಗಾಳಿಯ ದಿಕ್ಕು, ಮೋಡದ ಎತ್ತರ ಒಂದೇ ತೆರನಾಗಿರುವ ದಿನಗಳನ್ನು ಆರಿಸಿ, ಹೊಗೆ ಮಾತ್ರ ಬೇರೆಯಾಗಿರುವಂತೆ ನೋಡಿಕೊಳ್ಳಿ. ಉರಿಯುವ ಜಾಗದಲ್ಲಷ್ಟೇ ಅಳೆದರೂ ಸಾಲದು. ಹೊಗೆ ನೂರಾರು ಕಿಲೋಮೀಟರ್ ಸಾಗುತ್ತದೆ. ಅದನ್ನು ಗಾಳಿಯಿಂದ ತೊಳೆಯುವುದು ಮುಖ್ಯವಾಗಿ ಮಳೆಯೇ ಆದ್ದರಿಂದ, ಮಳೆ ತಡವಾದಷ್ಟೂ ಹೊಗೆಯ ವಾಸ್ತವ್ಯವೂ ಲಂಬಿಸುತ್ತದೆ.